ಬೇಲಿಯಿಲ್ಲದ ಹೊಲಗಳ ಊರಿನಲ್ಲಿ

ನಮ್ಮ ಪೆರ್ಲದ ಕಡೆಗೆ ಮೊದಲ ಬಾರಿಗೆ ಬರುವ ಬಯಲುಸೀಮೆಯ ನೆಂಟರು ಬಸ್ಸಿನಿಂದ ಇಳಿದು, ಪೇಟೆಯ ಅಂಗಡಿಗಳನ್ನು ನೋಡಿ, ಅಲ್ಲಿಂದ ಜೀಪು ಹತ್ತಿ ಎರಡು ಗುಡ್ಡೆ ಇಳಿದು ನಮ್ಮ ಅಂಗಳಕ್ಕೆ ಬಂದು ಕುಳಿತ ಮೇಲೆ, ಕಾಲು ತೊಳೆಯುತ್ತ ‘ಅದು ಸರಿ, ನಿಮ್ಮ ಊರು ಎಲ್ಲಿ?’ ಎಂದು ಕೇಳುವುದುಂಟು. ಊರೆಂದರೆ ಒಂದು ಬೀದಿ, ಬೀದಿಯ ಎರಡೂ ಬದಿಗೆ ಒಂದಕ್ಕೊಂದು ಗೋಡೆ ತಾಗಿದ ಮನೆಗಳು, ನಡುವೆ ಒಂದು ಅರಳಿಕಟ್ಟೆ, ಊರು ಮುಗಿದಲ್ಲಿಂದ ಹೊಲ ಎಂದು ತಿಳಿದವರಿಗೆ ಕಾಸರಗೋಡಿನ ಹಳ್ಳಿ ಕಣ್ಣಿಗೆ ಬೀಳುವುದೇ ಇಲ್ಲ. ಇಲ್ಲಿ ಮನೆಯಿಂದ ಮನೆಗೆ ಅಡಕೆ ತೋಟದ ಅಂತರ. ನೆರೆಮನೆಯ ಹೊಗೆ ಕಾಣುತ್ತದೆ, ನಾಯಿ ಬೊಗಳುವುದು ಕೇಳುತ್ತದೆ, ಮನೆ ಮಾತ್ರ ಕಾಣುವುದಿಲ್ಲ.

ಅಂಥ ಮನೆಯಲ್ಲಿ ಹುಟ್ಟಿ ಬೆಳೆದ ನಾನು ಕೆಲವು ವರ್ಷಗಳ ಹಿಂದೆ, ಮಗಳು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದಲ್ಲಿ ಉದ್ಯೋಗದಲ್ಲಿದ್ದಾಗ, ಬೇಸಿಗೆಯಿಂದ ಡಿಸೆಂಬರಿನ ಮೊದಲ ವಾರದವರೆಗೆ ಅವಳ ಮನೆಯಲ್ಲಿದ್ದೆ. ಕೃಷಿಕನಾದ ಅಪ್ಪನಿಗೆ ಕೋಟೆ ಕೊತ್ತಲಗಳಿಗಿಂತ ಕೃಷಿಯನ್ನೇ ತೋರಿಸುವುದು ಲೇಸೆಂದು ಅವಳು ಒಂದು ಭಾನುವಾರ ಕಾರಿನಲ್ಲಿ ಈಶಾನ್ಯಕ್ಕೆ ನಲವತ್ತು ಕಿಲೋಮೀಟರಿನಷ್ಟು ದೂರದ ಲ್ಯಾಕ್ಸ್‌ಟನ್ ಎಂಬ ಹಳ್ಳಿಗೆ ಕರೆದೊಯ್ದಳು. ಆಮೇಲೆ ನನ್ನ ಹಟದಿಂದ ಇನ್ನೂ ಮೂರು ಸಲ ಹೋದೆವು. ಆ ಊರಿನ ನೆಲದ ಬಗೆಯನ್ನೂ ಅಲ್ಲಿಯವರ ಒಂದು ನಡಾವಳಿಯನ್ನೂ ಇಲ್ಲಿ ಬರೆದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಲ್ಯಾಕ್ಸ್‌ಟನ್ ನಾಟಿಂಗ್‌ಹ್ಯಾಮ್‌ಶೈರ್ ಕೌಂಟಿಯಲ್ಲಿ ಒಲ್ಲರ್‌ಟನ್ ಮತ್ತು ಟಕ್ಸ್‌ಫರ್ಡ್ ಎಂಬ ಎರಡು ಸಣ್ಣ ಪೇಟೆಗಳ ಹತ್ತಿರವಿದೆ. ಪಶ್ಚಿಮಕ್ಕೆ ಹೋದರೆ ಶೆರ್ವುಡ್ ಕಾಡಿನ ಮರಳುನೆಲ, ಪೂರ್ವಕ್ಕೆ ಇಳಿದರೆ ಟ್ರೆಂಟ್ ನದಿಯ ತಗ್ಗು. ಇವೆರಡರ ನಡುವಿನ ಏರಿಳಿತದ ನೆಲವೆಲ್ಲ ಕೆಂಪು ಜೇಡಿ. ಮಣ್ಣು ಕೆಂಪಗಿರುವುದನ್ನು ಕಂಡು ನನಗೆ ಒಮ್ಮೆ ಊರ ನೆನಪಾಯಿತಾದರೂ ಬಗ್ಗಿ ಒಂದು ಹಿಡಿ ತೆಗೆದಾಗ ಆ ನಂಟು ಅಲ್ಲಿಗೇ ಮುಗಿಯಿತು. ನಮ್ಮದು ಮುರಕಲ್ಲಿನ ನೆಲ, ಎಷ್ಟು ಮಳೆ ಸುರಿದರೂ ಸೋಸಿ ಕೆಳಗಿಳಿಸುವ ಮಣ್ಣು. ಅವರದು ಚಪ್ಪಲಿಗೆ ಅಂಟಿದರೆ ಮನೆಯವರೆಗೂ ಬಿಡದ ಮಣ್ಣು. ಒದ್ದೆಯಾದಾಗ ಕಾಲು ಹೂಳುತ್ತದೆ, ಒಣಗಿದಾಗ ಹೆಂಚಿನಂತಾಗುತ್ತದೆ. ಮಳೆಯ ಲೆಕ್ಕವೂ ಬೇರೆ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನ ಒಳಗೆ. ಪೂರ್ವ ನಾಟಿಂಗ್‌ಹ್ಯಾಮ್‌ಶೈರಿನಲ್ಲಿ ಅದರ ಐದನೆಯ ಒಂದು ಪಾಲಿನಷ್ಟು ಮಳೆ, ಅದೂ ಹನ್ನೆರಡು ತಿಂಗಳಿಗೆ ಹಂಚಿ ಹೋಗಿ ದಿನವಿಡೀ ಜಿನುಗುವಂಥದು. ಅಲ್ಲಿಯವರು ಮಳೆಯ ಬಗ್ಗೆ ಯಾವಾಗಲೂ ಮಾತಾಡುತ್ತಾರೆ. ಆಟಿಯ ಒಂದು ಮಧ್ಯಾಹ್ನ ನಮ್ಮ ಜಗಲಿಯಲ್ಲಿ ಕುಳಿತರೆ ಅವರ ಮಾತು ನಿಂತೀತು ಎಂದು ನನಗೆ ಒಳಗೊಳಗೇ ನಗು ಬರುತ್ತಿತ್ತು.

ಊರಿನ ಆಕಾರ ನಮ್ಮದಕ್ಕೆ ನೇರ ವಿರುದ್ಧ. ಕೆಂಪು ಇಟ್ಟಿಗೆಯ ಮನೆಗಳೆಲ್ಲ ಒಂದು ಬೀದಿಯ ಇಕ್ಕೆಲಗಳಲ್ಲಿ ಸೇರಿಕೊಂಡಿವೆ. ಅವುಗಳಲ್ಲಿ ಕೆಲವು ಬೀದಿಗೆ ಮುಖ ಕೊಡದೆ ಪಕ್ಕದ ಗೋಡೆಯನ್ನು ಕೊಟ್ಟು ನಿಂತಿವೆ, ಏಕೆಂದರೆ ಬೀದಿಯ ಬದಿಯ ಜಾಗವನ್ನು ಹಿಂದಿನವರು ಕಿರಿದಾದ ಉದ್ದನೆಯ ಪಟ್ಟಿಗಳಾಗಿ ಹಂಚಿಕೊಂಡಿದ್ದರು: ಮುಂದೆ ಮನೆ ಮತ್ತು ಅಂಗಳ, ಅದರ ಹಿಂದೆ ಕೊಟ್ಟಿಗೆ, ಕಣಜ, ಅದಕ್ಕೂ ಹಿಂದೆ ಹಿತ್ತಿಲು. ಕೃಷಿಕನು ಮನೆಯಿಂದ ಹೊರಟು ಬೀದಿಗೆ ಬಂದು, ಬೀದಿಯಿಂದ ಹೊಲಕ್ಕೆ ಹೋಗಬೇಕು. ನಮ್ಮಲ್ಲಿ ಹಾಗಿಲ್ಲ. ಅಂಗಳ ಇಳಿದರೆ ತೋಟ, ತೋಟ ಇಳಿದರೆ ಗದ್ದೆ, ಬೆನ್ನಿಗೆ ಗುಡ್ಡೆ. (‘ಹೊಲ’ ಎಂಬ ಮಾತೇ ನಮ್ಮ ಆಡುನುಡಿಯಲ್ಲಿಲ್ಲ. ಲ್ಯಾಕ್ಸ್‌ಟನ್ನಿನ ಬಯಲನ್ನು ಗದ್ದೆ ಎಂದರೂ ತಪ್ಪು, ತೋಟ ಎಂದರೂ ತಪ್ಪು, ಹಾಗಾಗಿ ಪುಸ್ತಕದ ಮಾತನ್ನೇ ಬಳಸುತ್ತಿದ್ದೇನೆ.)

ಊರಿನ ನಡುವೆ ಸಂತ ಮೈಕೆಲನ ಇಗರ್ಜಿ, ಅದರ ಹತ್ತಿರವೇ ಡವ್‌ಕೋಟ್ ಇನ್ ಎಂಬ ಪಾನಗೃಹ. ಉತ್ತರದ ತುದಿಯಲ್ಲಿ ಹುಲ್ಲು ಬೆಳೆದ ದೊಡ್ಡ ಮಣ್ಣಿನ ದಿಬ್ಬ. ನಾರ್ಮನ್ನರು ಕಟ್ಟಿದ ಕೋಟೆಯಲ್ಲಿ ಇಂದು ಉಳಿದಿರುವುದು ಆ ದಿಬ್ಬ ಮತ್ತು ಸುತ್ತಲಿನ ಕಂದಕ ಮಾತ್ರ. 1086ರಲ್ಲಿ ರಾಜನು ತೆರಿಗೆಗಾಗಿ ಮಾಡಿಸಿದ ಡೂಮ್ಸ್‌ಡೇ ದಾಖಲೆಯಲ್ಲಿ ಈ ಊರಿನ ಹೆಸರಿದೆ. ಹೆಸರಿನ ಕೊನೆಯ ‘ಟನ್’ ಎಂಬುದಕ್ಕೆ ಹಳೆಯ ಇಂಗ್ಲಿಷಿನಲ್ಲಿ ಬೇಲಿ ಕಟ್ಟಿದ ಹಿತ್ತಿಲು, ಒಕ್ಕಲುಮನೆ ಎಂಬ ಅರ್ಥವಿತ್ತು. ಒಲ್ಲರ್‌ಟನ್, ಕಿರ್ಟನ್, ಎಗ್ಮಂಟನ್ ಎಂದು ಸುತ್ತಲಿನ ಹಳ್ಳಿಗಳ ಹೆಸರು ಓದುತ್ತ ಹೋದರೆ ಎಲ್ಲವೂ ಮನುಷ್ಯರು ಕಟ್ಟಿಕೊಂಡ ಹಿತ್ತಿಲುಗಳೇ. ನಮ್ಮ ಹೆಸರುಗಳು ನೆಲವನ್ನು ಹೇಳುತ್ತವೆ: ಅಡ್ಕ ಎಂದರೆ ಮುರಕಲ್ಲಿನ ಬೋಳು ಬಯಲು, ಪದವು ಎಂದರೆ ಗುಡ್ಡದ ಮೇಲಿನ ಸಮತಟ್ಟು, ಕಾನ ಎಂದರೆ ಕಾಡು, ಬೈಲು ಎಂದರೆ ನೀರಿರುವ ತಗ್ಗು. ಒಬ್ಬನ ಮನೆಯ ಹೆಸರು ಕೇಳಿದರೆ ಅವನ ಬಾವಿಯಲ್ಲಿ ಏಪ್ರಿಲ್ ತಿಂಗಳಲ್ಲಿ ನೀರಿದೆಯೋ ಇಲ್ಲವೋ ಎಂದು ಊಹಿಸಬಹುದು.

ಇಗರ್ಜಿಯೊಳಗೆ ನನ್ನನ್ನು ಬಹಳ ಹೊತ್ತು ನಿಲ್ಲಿಸಿದ್ದು ಒಂದು ಮರದ ಪ್ರತಿಮೆ. ಶೆರ್ವುಡ್ ಕಾಡಿನ ಪಾಲಕರಾಗಿದ್ದ ಎವರಿಂಗ್‌ಹ್ಯಾಮ್ ಮನೆತನದವರು ಅಲ್ಲಿ ಕಲ್ಲಿನ ಪ್ರತಿಮೆಗಳಾಗಿ ಮಲಗಿದ್ದಾರೆ. ಅವರ ನಡುವೆ ಒಬ್ಬ ಹೆಂಗಸಿನ ಪ್ರತಿಮೆ ಮಾತ್ರ ಮರದ್ದು. ಆ ಕಾಲದ ಮರದ ಶವಪ್ರತಿಮೆ ಇಡೀ ನಾಟಿಂಗ್‌ಹ್ಯಾಮ್‌ಶೈರಿನಲ್ಲಿ ಅದೊಂದೇ. ಬಿರುಕು ಬಿಟ್ಟ, ಮುಖದ ಗೆರೆ ಸವೆದ ಆ ಮರವನ್ನು ನೋಡುವಾಗ ನಮ್ಮ ದೈವಸ್ಥಾನಗಳಲ್ಲಿ ವರ್ಷವಿಡೀ ಕತ್ತಲಲ್ಲಿದ್ದು ನೇಮದ ದಿನ ಹೊರಬರುವ ಮರದ ಉರುಗಳ ನೆನಪಾಗದೆ ಇರಲಿಲ್ಲ.

ಆದರೆ ಈ ಊರಿಗೆ ದೂರದೂರದಿಂದ ಜನ ಬರುವುದು ಕೋಟೆಗಾಗಿ ಅಲ್ಲ, ಪ್ರತಿಮೆಗಾಗಿಯೂ ಅಲ್ಲ. ಊರಿನ ಹೊರಗೆ ಬೇಲಿಯಿಲ್ಲದ ಮೂರು ದೊಡ್ಡ ಹೊಲಗಳಿವೆ. ಅವುಗಳ ಹೆಸರು ವೆಸ್ಟ್ ಫೀಲ್ಡ್, ಸೌತ್ ಫೀಲ್ಡ್ ಮತ್ತು ಮಿಲ್ ಫೀಲ್ಡ್, ಅಂದರೆ ಪಡುವಣ ಹೊಲ, ತೆಂಕಣ ಹೊಲ, ಗಾಳಿಗಿರಣಿಯ ಹೊಲ. ಒಂದೊಂದೂ ಹೊರಗಿನವನ ಕಣ್ಣಿಗೆ ಒಬ್ಬನೇ ಜಮೀನ್ದಾರನ ಅಖಂಡ ಬಯಲಿನಂತೆ ಕಾಣುತ್ತದೆ. ನಿಜವಾಗಿ ಒಂದೊಂದರಲ್ಲೂ ಊರಿನ ಒಕ್ಕಲುಗಳಿಗೆಲ್ಲ ಬೇರೆಬೇರೆ ಪಟ್ಟಿಗಳಿವೆ. ಒಬ್ಬನ ಪಟ್ಟಿಗೂ ಇನ್ನೊಬ್ಬನ ಪಟ್ಟಿಗೂ ನಡುವೆ ಬೇಲಿಯಿಲ್ಲ, ಅಗಳಿಲ್ಲ, ಹುಣಿಯೂ ಇಲ್ಲ. ಮಧ್ಯಯುಗದಲ್ಲಿ ಇಂಗ್ಲೆಂಡಿನ ನಡುಭಾಗದ ಹಳ್ಳಿಗಳೆಲ್ಲ ಹೆಚ್ಚುಕಡಿಮೆ ಹೀಗೆಯೇ ಉಳುತ್ತಿದ್ದವು. ಆ ಪದ್ಧತಿ ಅದರ ನ್ಯಾಯಸಭೆಯ ಸಮೇತ ಇಂದಿಗೂ ನಡೆಯುತ್ತಿರುವುದು ಇಲ್ಲಿ ಮಾತ್ರ.

ಸರದಿ ಮೂರು ವರ್ಷಗಳದ್ದು. ಒಂದು ಹೊಲದಲ್ಲಿ ಚಳಿಗಾಲಕ್ಕೆ ಮುಂಚೆ ಬಿತ್ತುವ ಗೋಧಿ. ಇನ್ನೊಂದರಲ್ಲಿ ವಸಂತದಲ್ಲಿ ಬಿತ್ತುವ ಬಾರ್ಲಿ ಅಥವಾ ಬೀನ್ಸಿನಂಥ ಬೆಳೆ. ಮೂರನೆಯದು ಹಿಂದೆ ಬೀಳು ಬಿಡುತ್ತಿದ್ದದ್ದು, ಈಗ ಹೆಚ್ಚಾಗಿ ದನದ ಮೇವಿಗೆ ಮೀಸಲು. ಮರುವರ್ಷ ಈ ಪಾಳಿ ಒಂದೊಂದು ಹೊಲ ಮುಂದಕ್ಕೆ ಹೋಗುತ್ತದೆ. ಈ ಹೊಲದಲ್ಲಿ ನಾನು ಬೇರೆ ಬೆಳೆ ಹಾಕುತ್ತೇನೆ ಎಂದು ಒಬ್ಬನು ಹೊರಟರೆ ನಡೆಯುವುದಿಲ್ಲ, ಏಕೆಂದರೆ ಎಲ್ಲರೂ ಒಂದೇ ಕಾಲಕ್ಕೆ ಬಿತ್ತಿ ಒಂದೇ ಕಾಲಕ್ಕೆ ಕೊಯ್ದರೆ ಮಾತ್ರ ಬೇಲಿಯಿಲ್ಲದ ಹೊಲ ಬದುಕುತ್ತದೆ. ಇದನ್ನು ಕೇಳಿದಾಗ ನನಗೆ ನಮ್ಮ ಬೈಲುಗದ್ದೆಗಳು ಕಣ್ಣಮುಂದೆ ಬಂದವು. ಎಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ತೆಗೆಯುತ್ತಿದ್ದ ಕಾಲದಲ್ಲಿ ಇಡೀ ಬೈಲಿನ ಕೊಯ್ಲು ಮುಗಿದ ಮೇಲೆಯೇ ದನಗಳನ್ನು ಗದ್ದೆಗೆ ಬಿಡುತ್ತಿದ್ದರು. ಒಬ್ಬನು ತಡವಾಗಿ ನೆಟ್ಟನೆಂದರೆ ಅವನ ಪೈರನ್ನು ಕಾಯುವ ಭಾರ ಅವನದೇ. ಆ ಗದ್ದೆಗಳಲ್ಲಿ ಈಗ ಮುಕ್ಕಾಲು ಪಾಲು ಅಡಕೆ ಎದ್ದಿದೆ, ನನ್ನದೂ ಸೇರಿದಂತೆ.

ಪಟ್ಟಿಗಳ ಉದ್ದದ ವಿಚಾರದಲ್ಲಿ ಒಂದು ಸಣ್ಣ ಸಂತೋಷ ನನಗಾಯಿತು. ನಮ್ಮ ಅಜ್ಜ ಪೇಟೆಗೆ ದಾರಿ ಹೇಳುವಾಗ ‘ಅಲ್ಲಿಂದ ನಾಲ್ಕು ಫರ್ಲಾಂಗು’ ಎನ್ನುತ್ತಿದ್ದರು, ಆ ಮಾತಿಗೆ ಮೂಲವೇನೆಂದು ಯೋಚಿಸಿದವನಲ್ಲ. ಎತ್ತುಗಳ ಜೋಡಿ ದಣಿಯದೆ ಒಂದೇ ಎಳೆತಕ್ಕೆ ಉಳಬಲ್ಲ ನೇಗಿಲ ಸಾಲಿನ ಉದ್ದವೇ ಫರ್ಲಾಂಗು. ಅದು ಇಂಥ ತೆರೆದ ಹೊಲಗಳಿಂದಲೇ ಬಂದ ಅಳತೆ. 220 ಗಜ ಉದ್ದ, 22 ಗಜ ಅಗಲ ಉತ್ತರೆ ಒಂದು ಎಕರೆ. ಎತ್ತುಗಳನ್ನು ತಿರುಗಿಸಲು ತುದಿಯಲ್ಲಿ ಓರೆಯಾಗಿ ಹೊರಳಿಸಬೇಕಾಗಿದ್ದರಿಂದ ಹಳೆಯ ಪಟ್ಟಿಗಳು ನೇರವಾಗಿರದೆ ತುದಿಯಲ್ಲಿ ಬಾಗಿರುತ್ತಿದ್ದವಂತೆ. ಸರಪಳಿ ಹಿಡಿದು ನಮ್ಮ ತೋಟ ಅಳೆದ ಸರ್ವೆಯವರು ಇಂಗ್ಲೆಂಡಿನ ಎತ್ತುಗಳ ಉಸಿರನ್ನೇ ಇಲ್ಲಿ ಎಳೆದಾಡುತ್ತಿದ್ದರೆಂದು ತಿಳಿದರೆ ಅಜ್ಜ ಏನೆನ್ನುತ್ತಿದ್ದರೋ.

ಹಾಗಾದರೆ ಇಂಗ್ಲೆಂಡಿನ ಉಳಿದ ಹಳ್ಳಿಗಳ ತೆರೆದ ಹೊಲಗಳು ಏನಾದವು? ಪಾರ್ಲಿಮೆಂಟೇ ಅವನ್ನು ಮುಚ್ಚಿಸಿತು. 1604ರಿಂದ 1914ರವರೆಗೆ ಬೇಲಿ ಹಾಕಿಸುವ 5200ಕ್ಕೂ ಹೆಚ್ಚು ಕಾಯಿದೆಗಳು ಒಂದೊಂದು ಹಳ್ಳಿಗೆ ಒಂದೊಂದರಂತೆ ಮಂಜೂರಾದವು. ಅವುಗಳಿಂದ ಸುಮಾರು 68 ಲಕ್ಷ ಎಕರೆ ನೆಲ ಬೇಲಿಯೊಳಗೆ ಸೇರಿತು. ಚದುರಿದ ಪಟ್ಟಿಗಳನ್ನು ಕೂಡಿಸಿ ಒಬ್ಬೊಬ್ಬನಿಗೆ ಒಂದೊಂದು ತುಂಡು ಕೊಟ್ಟು ಸುತ್ತ ಗಿಡಬೇಲಿ ನೆಡಿಸಿದರು. ದೊಡ್ಡ ಹಿಡುವಳಿಯವರಿಗೆ ಇದರಿಂದ ಲಾಭವಾಯಿತು; ಹುಲ್ಲುಗಾವಲಿನಲ್ಲಿ ಒಂದು ಹಸು ಮೇಯಿಸಿಕೊಂಡು ಕಾಡಿನಿಂದ ಸೌದೆ ತಂದು ಬದುಕುತ್ತಿದ್ದವರಿಗೆ ಊರು ಬಿಡುವುದೇ ದಾರಿಯಾಯಿತು. ವಿಮಾನದ ಕಿಟಕಿಯಿಂದ ನೋಡಿದಾಗ ಅಂದವಾಗಿ ಕಾಣುವ ಆ ಹಸಿರು ಚೌಕಗಳು, ಅವುಗಳ ಸುತ್ತಲಿನ ಬೇಲಿಸಾಲು, ಬಹುಪಾಲು ಆ ಕಾಲದ್ದು.

ಲ್ಯಾಕ್ಸ್‌ಟನ್ ತಪ್ಪಿಸಿಕೊಂಡದ್ದು ಯಾರ ದೂರದೃಷ್ಟಿಯಿಂದಲೂ ಅಲ್ಲ. ಅಲ್ಲಿ ಅರ್ಲ್ ಮ್ಯಾನ್ವರ್ಸ್ ಮತ್ತು ಅರ್ಲ್ ಆಫ್ ಸ್ಕಾರ್ಬರೋ ಎಂಬ ಇಬ್ಬರು ದೊಡ್ಡ ಭೂಮಾಲೀಕರಿದ್ದರು. ಪಾಲು ಹೇಗಾಗಬೇಕೆಂಬುದರಲ್ಲಿ ಅವರಿಗೆ ಒಮ್ಮತ ಬರಲಿಲ್ಲ, ಕೆಲಸ ಮುಂದಕ್ಕೆ ಬಿತ್ತು, ಬಿದ್ದದ್ದು ಹಾಗೆಯೇ ಉಳಿಯಿತು. ಪಾಲುಪಟ್ಟಿಯ ತಕರಾರಿನಿಂದ ಒಳ್ಳೆಯದಾದ ಪ್ರಸಂಗವನ್ನು ನಾನು ನನ್ನ ಜೀವಮಾನದಲ್ಲಿ ಕೇಳಿದ್ದು ಇದೊಂದೇ. 1952ರಲ್ಲಿ ಮ್ಯಾನ್ವರ್ಸ್ ಮನೆತನ ಈ ಜಮೀನನ್ನು ಸರಕಾರದ ಕೃಷಿ ಇಲಾಖೆಗೆ ಮಾರಿತು, ಪದ್ಧತಿಯನ್ನು ಉಳಿಸುವ ಉದ್ದೇಶದಿಂದ. 1981ರಲ್ಲಿ ಅದು ಅರಸೊತ್ತಿಗೆಯ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟಿನ ಕೈಗೆ ಹೋಯಿತು, 2020ರಲ್ಲಿ ಹಳೆಯ ಮನೆತನದವರ ಥೋರ್ಸ್‌ಬಿ ಎಸ್ಟೇಟಿಗೇ ಮರಳಿತು. ಅಂದರೆ ಉಳುವವರು ಇಂದಿಗೂ ಗೇಣಿದಾರರೇ. 1970ರ ಜನವರಿ 1ರಂದು ಕೇರಳದಲ್ಲಿ ಗೇಣಿ ಪದ್ಧತಿ ರದ್ದಾಗಿ ಮೂಲಗೇಣಿ, ಚಾಲಗೇಣಿ ಎಂಬ ಮಾತುಗಳೆಲ್ಲ ಹಳೆಯ ಕಾಗದಪತ್ರಗಳಿಗೆ ಸೇರಿಹೋದದ್ದನ್ನು ಕಂಡ ನನಗೆ ಇದು ವಿಚಿತ್ರವೆನಿಸಿತು. ಮುಡಿ ಅಕ್ಕಿ ಅಳೆದು ಕೊಡುವುದು ನಿಂತಾಗ ನಮ್ಮ ಬೈಲಿನಲ್ಲಿ ಎಷ್ಟು ಮನೆಗಳು ತಲೆಯೆತ್ತಿದವೆಂಬುದನ್ನು ಬಲ್ಲ ಯಾರೂ ಲ್ಯಾಕ್ಸ್‌ಟನ್ನಿನ ಹಳಮೆಯನ್ನು ಸುಮ್ಮನೆ ಹೊಗಳಲಾರರು.

ಪಾನಗೃಹದ ಅಂಗಳದ ಬದಿಯಲ್ಲಿ ಪ್ರವಾಸಿಗಳಿಗಾಗಿ ಒಂದು ಸಣ್ಣ ಮಾಹಿತಿ ಕೇಂದ್ರವಿದೆ. ಅಲ್ಲಿ 1635ರ ಒಂದು ನಕ್ಷೆಯ ವಿಚಾರ ತಿಳಿಯಿತು. ಆಗಿನ ಒಡೆಯ ಸರ್ ವಿಲಿಯಂ ಕೋರ್ಟನ್‌ಗಾಗಿ ಮಾರ್ಕ್ ಪಿಯರ್ಸ್ ಎಂಬ ಸರ್ವೆಯವನು ಊರನ್ನೆಲ್ಲ ಅಳೆದು ಬರೆದ ಈ ನಕ್ಷೆಯ ಮೂಲ ಪ್ರತಿ ಈಗ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಪ್ರತಿಯೊಂದು ಪಟ್ಟಿಯನ್ನೂ ಗುರುತಿಸಿದ್ದಲ್ಲದೆ, ಉಳುವವರು, ಕೊಯ್ಯುವವರು, ಬೇಟೆಗೆ ಹೊರಟವರು ಎಲ್ಲರನ್ನೂ ಬೆರಳ ತುದಿಯಷ್ಟು ಚಿಕ್ಕದಾಗಿ ಅದರಲ್ಲಿ ಬಿಡಿಸಿದ್ದಾನೆ. ನಮ್ಮ ಸರ್ವೆ ನಂಬರಿನ ನೀಲಿ ಗೆರೆಗಳಲ್ಲಿ ಒಬ್ಬ ಕೊಯ್ಲಿನವನಾದರೂ ಇದ್ದಿದ್ದರೆ ಗ್ರಾಮಕಚೇರಿಯ ಬೆಂಚಿನಲ್ಲಿ ಕಾಯುವ ಬೇಸರ ಸ್ವಲ್ಪ ಕಡಿಮೆಯಾಗುತ್ತಿತ್ತು.

ಇನ್ನು ನಾನು ಹೇಳಹೊರಟ ಮುಖ್ಯ ಸಂಗತಿಗೆ ಬರುತ್ತೇನೆ. ಬೇಲಿಯಿಲ್ಲದ ಹೊಲದಲ್ಲಿ ಪಕ್ಕದವನ ಪಟ್ಟಿಯಿಂದ ವರ್ಷಕ್ಕೆ ಒಂದು ಸಾಲು ಉತ್ತು ತನ್ನದಕ್ಕೆ ಸೇರಿಸಿಕೊಳ್ಳುವುದು ಬಹಳ ಸುಲಭ. ಗಡಿಕಲ್ಲನ್ನು ಗೇಣಷ್ಟು ಸರಿಸುವ ವಿದ್ಯೆ ನಮ್ಮವರಿಗೂ ತಿಳಿಯದ್ದಲ್ಲ. ಲ್ಯಾಕ್ಸ್‌ಟನ್ನಿನವರು ಅದಕ್ಕೆ ಕೋರ್ಟ್ ಲೀಟ್ ಎಂಬ ಊರ ನ್ಯಾಯಸಭೆಯನ್ನು ಇಟ್ಟುಕೊಂಡಿದ್ದಾರೆ. ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಸಾವಿರಾರು ಇದ್ದ ಇಂಥ ಸಭೆಗಳ ಅಧಿಕಾರವನ್ನು 1977ರ ಒಂದು ಕಾಯಿದೆ ಕೊನೆಗೊಳಿಸಿತು. ಲ್ಯಾಕ್ಸ್‌ಟನ್ನಿನ ಸಭೆಗೆ ಮಾತ್ರ ತನ್ನ ಹೊಲಗಳ ಮೇಲಿನ ಅಧಿಕಾರವನ್ನು ಹಾಗೆಯೇ ಉಳಿಸಿತು.

ನವೆಂಬರಿನ ಕೊನೆಯಲ್ಲಿ, ಗೋಧಿ ಬಿತ್ತಿ ಮೊಳಕೆ ಬಂದ ಮೇಲೆ, ಊರಿನ ಕೃಷಿಕರಿಂದ ಆಯ್ದ ಪಂಚರು ಆ ವರ್ಷದ ಗೋಧಿ ಹೊಲಕ್ಕೆ ಹೋಗುತ್ತಾರೆ. ನಾವು ಮೂರನೆಯ ಸಲ ಹೋದದ್ದು ಬೇಕೆಂದೇ ಆ ದಿನಕ್ಕೆ. ದಪ್ಪ ಕೋಟು, ಮೊಣಕಾಲವರೆಗಿನ ರಬ್ಬರ್ ಬೂಟು ತೊಟ್ಟ ಹತ್ತು ಹನ್ನೆರಡು ಜನ, ಒಬ್ಬರ ಕೈಯಲ್ಲಿ ಗುದ್ದಲಿ, ಇನ್ನೊಬ್ಬರ ಹೆಗಲಲ್ಲಿ ಮರದ ಗೂಟಗಳ ಕಟ್ಟು. ನಾವು ರಸ್ತೆಯ ಬದಿಯಲ್ಲಿ ನಿಂತು ದೂರದಿಂದ ನೋಡಿದೆವು. ಅವರು ಪ್ರತಿಯೊಂದು ಪಟ್ಟಿಯ ತುದಿಗೆ ಹೋಗಿ ನಿಲ್ಲುವುದು, ಕಣ್ಣು ಕಿರಿದು ಮಾಡಿ ಸಾಲಿನುದ್ದಕ್ಕೆ ನೋಡುವುದು, ಏನೋ ವಾದ ಮಾಡುವುದು, ಒಬ್ಬರು ನಕ್ಕು ಇನ್ನೊಬ್ಬರ ಬೆನ್ನು ತಟ್ಟುವುದು, ಕಡೆಗೆ ಒಂದು ಗೂಟ ಹೊಡೆಯುವುದು. ದಾರಿಯನ್ನೂ ಸೇರಿಸಿ ಉತ್ತವರಿದ್ದರೆ, ಚರಂಡಿಯನ್ನು ಬಿಡಿಸದವರಿದ್ದರೆ ಅದನ್ನೂ ಬರೆದುಕೊಳ್ಳುತ್ತಾರೆ. ಮಧ್ಯಾಹ್ನ ಡವ್‌ಕೋಟಿನಲ್ಲಿ ಎಲ್ಲರಿಗೂ ಒಟ್ಟಿಗೆ ಊಟ. ಒಂದು ವಾರದ ಬಳಿಕ ಅದೇ ಪಾನಗೃಹದಲ್ಲಿ ಸಭೆ ಕೂಡಿ, ಗಡಿ ಮೀರಿದವರಿಗೆ ದಂಡ ಹಾಕಿ, ಮುಂದಿನ ವರ್ಷದ ಹೊಲಕ್ಕೆ ಹೊಸ ಪಂಚರಿಗೆ ಪ್ರಮಾಣವಚನ ಕೊಡುತ್ತದೆ.

ನನಗೆ ಕುತೂಹಲವೆನಿಸಿದ್ದು ದಂಡವಲ್ಲ, ಆ ನಡಿಗೆ. ತಕರಾರು ಬಂದ ಮೇಲೆ ಅಳೆಯಲು ಹೋಗುವುದು ನಮ್ಮ ಕ್ರಮ. ಅಷ್ಟರಲ್ಲಿ ಎರಡೂ ಮನೆಯವರು ಒಂದೇ ಭಜನಾಮಂದಿರದ ಎರಡು ಮೂಲೆಗಳಲ್ಲಿ ಕುಳಿತುಕೊಳ್ಳುವ ಸ್ಥಿತಿ ಬಂದಿರುತ್ತದೆ. ಅವರು ತಕರಾರು ಇರಲಿ ಇಲ್ಲದಿರಲಿ ವರ್ಷಕ್ಕೊಮ್ಮೆ ಹೋಗಿ ನೋಡಿಬರುತ್ತಾರೆ. ತಪ್ಪು ಮಾಡಿದವನೂ ಪಂಚರಲ್ಲಿ ಒಬ್ಬನಾಗಿರಬಹುದು. ತನ್ನ ಗೂಟಕ್ಕೆ ತಾನೇ ಸಾಕ್ಷಿಯಾಗುವವನಿಗೆ ಮುನಿಸಿಕೊಳ್ಳಲು ಆಸ್ಪದ ಕಡಿಮೆ.

ಆ ಹೊಲಗಳ ನಡುವೆ ಉಳಲಾಗದ ಇಳಿಜಾರುಗಳೂ ಜವುಗು ತಗ್ಗುಗಳೂ ಇವೆ. ಅವಕ್ಕೆ ಸೈಕ್ ಎಂದು ಹೆಸರು. ಅವು ಯಾರೊಬ್ಬರವೂ ಅಲ್ಲ, ಎಲ್ಲರವು. ಅಲ್ಲಿ ಬೆಳೆಯುವ ಹುಲ್ಲನ್ನು ಹರಾಜು ಹಾಕಿ ಬಂದ ಹಣವನ್ನು ಹಕ್ಕುಳ್ಳವರಿಗೆ ಹಂಚುವುದು ವಾಡಿಕೆ. ನೇಗಿಲು ಮುಟ್ಟದೆ ಶತಮಾನಗಳೇ ಕಳೆದಿರುವುದರಿಂದ ಬೇಸಿಗೆಯಲ್ಲಿ ಆ ಹುಲ್ಲಿನ ನಡುವೆ ಬಗೆಬಗೆಯ ಕಾಡುಹೂಗಳು ಏಳುತ್ತವೆ, ಸರಕಾರ ಅದಕ್ಕೆಂದೇ ಅವನ್ನು ಸಂರಕ್ಷಿತ ಜಾಗವೆಂದು ಗುರುತಿಸಿದೆ. ಮದ್ರಾಸಿನ ಆಳ್ವಿಕೆಯ ದಕ್ಷಿಣ ಕನ್ನಡದಲ್ಲಿ ವರ್ಗ ಜಾಗದ, ಅಂದರೆ ಪಟ್ಟಾ ಇರುವ ಸ್ವಂತ ಜಮೀನಿನ, ಅಂಚಿನಿಂದ ನೂರು ಗಜದವರೆಗಿನ ಸರಕಾರಿ ನೆಲದಲ್ಲಿ ಸೊಪ್ಪು, ಸೌದೆ, ಮುಳಿಹುಲ್ಲು ತೆಗೆಯಲು ನಮಗಿದ್ದ ಕುಮ್ಕಿ ಹಕ್ಕು ಇದಕ್ಕೆ ದೂರದ ನೆಂಟನಿದ್ದೀತು. ಒಂದು ವ್ಯತ್ಯಾಸವುಂಟು: ಸೈಕಿನ ಹುಲ್ಲು ಊರಿಗೆಲ್ಲ ಸೇರಿದ್ದು, ಕುಮ್ಕಿಯ ಸೊಪ್ಪು ಒಂದೊಂದು ಮನೆಗೆ ಒಂದೊಂದು. ಚದುರಿ ಕುಳಿತವರ ಹಕ್ಕುಗಳೂ ಚದುರಿಯೇ ಇರುತ್ತವೆ.

ಊರಬೀದಿಯಲ್ಲಿ ಇಟ್ಟಿಗೆ ಗೋಡೆಯ ಒಂದು ಸಣ್ಣ ಆವರಣ ಕಂಡು ಅದೇನೆಂದು ಕೇಳಿದೆ. ಪರರ ಹೊಲಕ್ಕೆ ನುಗ್ಗಿದ ದನಗಳನ್ನು ಕೂಡಿಹಾಕುತ್ತಿದ್ದ ಜಾಗವಂತೆ, ಪಿನ್‌ಫೋಲ್ಡ್. ನನಗೆ ಬೇರೆ ವಿವರಣೆ ಬೇಕಾಗಲಿಲ್ಲ. ‘ದೊಡ್ಡಿ’ ಎಂದೆ, ಮಗಳಿಗೆ ಅರ್ಥವಾಗಲಿಲ್ಲ. ನಮ್ಮ ಬಾಲ್ಯದಲ್ಲಿ ದೊಡ್ಡಿಗೆ ಹೋದ ಹಸುವನ್ನು ಬಿಡಿಸಿ ತರುವುದೆಂದರೆ ಮನೆಯ ಮರ್ಯಾದೆಯ ಪ್ರಶ್ನೆ. ಅಪ್ಪ ಹಣ ಕಟ್ಟಿ, ಹಸುವನ್ನು ಪೇಟೆಯ ದಾರಿ ಬಿಟ್ಟು ಗುಡ್ಡೆಯ ದಾರಿಯಲ್ಲಿ ಹೊಡೆದುಕೊಂಡು ಬಂದದ್ದು ನನಗೆ ನೆನಪಿದೆ.

ಮಗಳಿಗೆ ಅರ್ಥವಾದದ್ದು ತಡಮೆ. ಹೊಲದಿಂದ ಹೊಲಕ್ಕೆ ಹೋಗುವ ಕಾಲುದಾರಿಯಲ್ಲಿ ಬೇಲಿ ಅಡ್ಡ ಬಂದಲ್ಲಿ ಮನುಷ್ಯರು ಹತ್ತಿ ಇಳಿಯುವಂತೆ, ದನಕರು ದಾಟದಂತೆ ಎರಡು ಹಲಗೆ ಇಟ್ಟಿರುತ್ತಾರೆ. ನಮ್ಮ ತೋಟದ ಮೂಲೆಯಲ್ಲಿರುವ ತಡಮೆಗೂ ಅದಕ್ಕೂ ಹಲಗೆಯ ಜಾತಿಯಲ್ಲಿ ಬಿಟ್ಟರೆ ಬೇರೆ ಭೇದವಿಲ್ಲ. ಆದರೆ ಅಲ್ಲಿ ತಡಮೆಯ ಪಕ್ಕದ ಕಂಬದಲ್ಲಿ ಹಳದಿ ಬಾಣದ ಗುರುತಿತ್ತು: ಸಾರ್ವಜನಿಕ ಕಾಲುದಾರಿ. 1949ರ ಒಂದು ಕಾಯಿದೆಯ ಪ್ರಕಾರ ಇಂಥ ದಾರಿಗಳನ್ನೆಲ್ಲ ನಕ್ಷೆಯಲ್ಲಿ ದಾಖಲಿಸಿದ್ದಾರೆ, ಜಮೀನು ಯಾರದಾದರೂ ನಡೆಯುವ ಹಕ್ಕು ಎಲ್ಲರದು. ನನ್ನ ಸ್ವಂತ ಸಂಕಟ ಇಲ್ಲಿ ಹೇಳದಿರಲಾರೆ. ನಾಲ್ಕು ತಲೆಮಾರು ಶಾಲೆಗೂ ದೇವಸ್ಥಾನಕ್ಕೂ ಹೋದ ನಮ್ಮ ಒಂದು ಕಾಲುದಾರಿಗೆ, ಸಂಕ ದಾಟಿದ ಕೂಡಲೇ, ಹೊಸದಾಗಿ ಜಾಗ ಕೊಂಡವರೊಬ್ಬರು ತಂತಿಬೇಲಿ ಎಳೆದರು. ದಾರಿ ಇತ್ತೆಂಬುದಕ್ಕೆ ನಮ್ಮಲ್ಲಿ ಇದ್ದ ದಾಖಲೆ ನಮ್ಮ ಕಾಲುಗಳು ಮಾತ್ರ. ಈಗ ನಾವು ಎರಡು ಕಿಲೋಮೀಟರ್ ಸುತ್ತಿ ರಿಕ್ಷಾದಲ್ಲಿ ಹೋಗುತ್ತೇವೆ.

ಲ್ಯಾಕ್ಸ್‌ಟನ್ನನ್ನು ಸ್ವರ್ಗವೆಂದು ತೋರಿಸುವ ಉದ್ದೇಶ ನನಗಿಲ್ಲ. ಬೇಸಿಗೆಯ ಸಂಜೆ ಒಂಬತ್ತೂವರೆಯವರೆಗೂ ಬೆಳಕಿರುವ ಆ ಊರಿನಲ್ಲಿ ನವೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲು, ಬೀದಿಯಲ್ಲಿ ನರಪಿಳ್ಳೆಯಿರುವುದಿಲ್ಲ. ಬೇಸಾಯದಿಂದಲೇ ಬದುಕುವ ಮನೆಗಳ ಸಂಖ್ಯೆ ಇಳಿಯುತ್ತಲೇ ಬಂದಿದೆ, ಸಣ್ಣ ಪಟ್ಟಿಗಳಲ್ಲಿ ದೊಡ್ಡ ಯಂತ್ರ ತಿರುಗಿಸುವುದು ಕಷ್ಟವಾದ್ದರಿಂದ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಪಟ್ಟಿಗಳನ್ನು ಕೂಡಿಸಿ ಅಗಲ ಮಾಡಿದ್ದಾರೆ, ತೆರೆದ ಹೊಲಗಳು ಈಗ ಸುಮಾರು 500 ಎಕರೆಗೆ ಇಳಿದಿವೆ. ಊರಿನ ಹೊರಗೆ 1995ರಲ್ಲಿ ತೆರೆದ, ನಾಜಿಗಳು ಕೊಂದ ಯೆಹೂದ್ಯರ ಸ್ಮಾರಕ ಸಂಗ್ರಹಾಲಯವೊಂದಿದೆ. ಬಸ್ಸು ತುಂಬ ಶಾಲಾಮಕ್ಕಳು ಬರುವುದು ಅಲ್ಲಿಗೆ. ನಾವೂ ಒಳಗೆ ಹೋದೆವು. ಅದರ ಬಗ್ಗೆ ಈ ಬರಹದ ನಡುವೆ ನಾಲ್ಕು ಸಾಲು ಬರೆದು ಮುಗಿಸುವುದು ಸರಿಯಲ್ಲ.

ಪಂಚರ ನಡಿಗೆ ನೋಡಿದ ಆ ಸಂಜೆ ಊರಿಗೆ ಫೋನು ಮಾಡಿದೆ. ಕೆಳಗಿನ ಮನೆಯ ಭಾವ ಎತ್ತಿಕೊಂಡರು. ‘ಅಲ್ಲಿ ಅಡಕೆ ಇಲ್ಲ, ತೆಂಗು ಇಲ್ಲ, ಮತ್ತೆಂತ ನೋಡ್ಲಿಕ್ಕುಂಟು ಭಾವ ಅಲ್ಲಿ?’ ಎಂದು ಶುರುಮಾಡಿದ ಅವರು, ನನ್ನ ಉತ್ತರಕ್ಕೆ ಕಾಯದೆ, ‘ನಾಳೆ ಕಟ್ಟದ ಕೆಲಸ. ನಿಮ್ಮ ಲೆಕ್ಕದ ಆಳು ಯಾರು ಹೇಳಿ’ ಎಂದರು. ಆಗ ನನಗೆ ಹೊಳೆಯಿತು: ಅದೇ ನವೆಂಬರಿನ ಕೊನೆಯ ವಾರ. ಲ್ಯಾಕ್ಸ್‌ಟನ್ನಿನವರು ಗೂಟ ಹೊತ್ತು ಹೊಲಕ್ಕೆ ಇಳಿಯುವ ಹೊತ್ತಿಗೇ ನಮ್ಮವರು ಕಲ್ಲು ಹೊತ್ತು ತೋಡಿಗೆ ಇಳಿಯುತ್ತಾರೆ.

ಕಟ್ಟವೆಂದರೆ ತೋಡಿಗೆ ಅಡ್ಡಲಾಗಿ ವರ್ಷವರ್ಷವೂ ಹಾಕುವ ತಾತ್ಕಾಲಿಕ ಒಡ್ಡು. ಮಳೆ ನಿಂತು ಹರಿವು ಇಳಿದ ಮೇಲೆ, ಎರಡು ಸಾಲು ಕಲ್ಲು ಪೇರಿಸಿ, ನಡುವೆ ಜೇಡಿಮಣ್ಣು ತುಂಬಿ ತುಳಿದು, ಸೊಪ್ಪು ಮುಚ್ಚಿ ನೀರು ನಿಲ್ಲಿಸುತ್ತಾರೆ. ಶಿರಿಯಾ ಹೊಳೆಗೆ ಸೇರುವ ತೋಡುಗಳಲ್ಲಿ ಹಿಂದೆ ಇಂಥವು ಮೆಟ್ಟಿಲು ಮೆಟ್ಟಿಲಾಗಿ ಇದ್ದವು. ಏತಡ್ಕದ ಸಾಲುಕಟ್ಟಗಳು ಈಗಲೂ ಹೆಸರುವಾಸಿ. ಒಂದು ಕಟ್ಟದ ನೀರು ಮೇಲಿನ ತೋಟಗಳ ಬೇರಿಗೂ ಬಾವಿಗೂ ಇಳಿಯುತ್ತದೆ, ಸೋರಿದ್ದು ಕೆಳಗಿನ ಕಟ್ಟಕ್ಕೆ. ಜೂನಿನ ಮೊದಲ ನೆರೆ ಬಂದು ಕೊಚ್ಚಿಕೊಂಡು ಹೋದರೆ ಯಾರೂ ಬೇಸರಿಸುವುದಿಲ್ಲ, ಅದು ಹೋಗಬೇಕಾದದ್ದೇ. ಯಾರ ತೋಟಕ್ಕೆ ಎಷ್ಟು ನೀರಿನ ಫಲವೋ ಅಷ್ಟು ಆಳು ಅವರ ಲೆಕ್ಕ. ನಮ್ಮ ಅಪ್ಪನ ಕಾಲದಲ್ಲಿ ಎಂಟು ಮನೆಯವರು ಮೂರು ದಿನ ದುಡಿದು ಕಟ್ಟುತ್ತಿದ್ದರು. ಊಟ ಸರದಿಯಂತೆ ಒಂದೊಂದು ಮನೆಯಲ್ಲಿ. ಕೊಳವೆಬಾವಿ ಬಂದ ಮೇಲೆ ಒಬ್ಬೊಬ್ಬರೇ ಬಿಟ್ಟರು. ಕೊಳವೆಬಾವಿ ಬತ್ತಿದ ಮೇಲೆ ನಾಲ್ಕು ಮನೆಯವರು ಮರಳಿ ಬಂದರು.

ಮನೆಗಳು ಚದುರಿದ ನಾಡಿನಲ್ಲಿ ನಮ್ಮನ್ನು ನೆರೆಕರೆ ಮಾಡಿದ್ದು ಗೋಡೆಯಲ್ಲ, ನೀರು. ಮುರಕಲ್ಲಿನ ಗುಡ್ಡೆಗೆ ಸುರಂಗ ಕೊರೆದು ಹನಿ ನೀರು ಹಿಡಿದ ಹಿರಿಯರು ಒರತೆ ಸಿಕ್ಕಿದಲ್ಲೆಲ್ಲ ಒಂದೊಂದೇ ಮನೆ ಕಟ್ಟಿಕೊಂಡು ದೂರವಾದರು; ತೋಡಿನ ನೀರು ಬೇಕಾದಾಗ ಹತ್ತಿರ ಬಂದರು. ಲ್ಯಾಕ್ಸ್‌ಟನ್ನಿನವರು ಒಂದೇ ಬೀದಿಯಲ್ಲಿ ದಿನವೂ ಮುಖ ನೋಡುತ್ತಾರೆ, ಅವರು ವರ್ಷಕ್ಕೊಮ್ಮೆ ಹೊಲಕ್ಕೆ ಹೋಗಿ ಗಡಿ ನೋಡಿಕೊಳ್ಳಬೇಕು. ನಾವು ಗಡಿಯನ್ನು ದಿನವೂ ನೋಡುತ್ತೇವೆ; ಮುಖ ನೋಡಲು ವರ್ಷಕ್ಕೊಮ್ಮೆ ತೋಡಿಗೆ ಇಳಿಯಬೇಕು.

ಡಿಸೆಂಬರಿನ ಎರಡನೆಯ ವಾರ ಊರಿಗೆ ಮರಳಿದಾಗ ನಮ್ಮ ಕಟ್ಟದಲ್ಲಿ ಒಂದು ಕಡೆ ನೀರು ಸೋರುತ್ತಿತ್ತು. ಈಗ ಜೇಡಿಮಣ್ಣಿನ ಬದಲು ಸಿಮೆಂಟಿನ ಖಾಲಿ ಚೀಲಗಳಿಗೆ ಮರಳು ತುಂಬಿ ಇಡುತ್ತಾರೆ, ಚೀಲಗಳ ಸಂದಿಗೆ ಮಾತ್ರ ಮಣ್ಣು. ನಾಲ್ಕು ಮನೆಯವರೂ ಮತ್ತೆ ಸೇರಿದೆವು. ಮಣ್ಣಿನ ಬುಟ್ಟಿ ದಾಟಿಸುತ್ತ ನಾನು ಲ್ಯಾಕ್ಸ್‌ಟನ್ನಿನ ಪಂಚರ ಕತೆ ಹೇಳಿದೆ: ಬೇಲಿಯಿಲ್ಲದ ಹೊಲ, ಗೂಟ, ದಂಡ, ಪಾನಗೃಹದ ಊಟ. ಭಾವ ಸೊಂಟದವರೆಗೆ ನೀರಿನಲ್ಲಿ ನಿಂತು ಎಲ್ಲವನ್ನೂ ಗಂಭೀರವಾಗಿ ಕೇಳಿಸಿಕೊಂಡರು.

‘ಅದೆಲ್ಲ ಸರಿ ಭಾವ,’ ಎಂದರು ಕೊನೆಗೆ, ‘ಆ ಗೂಟವನ್ನು ರಾತ್ರಿ ಬಂದು ಕಿತ್ತು ಸೌದೆಗೆ ಒಯ್ಯುವವರು ಅಲ್ಲಿ ಇಲ್ಲವಾ?’

ತಂತಿಬೇಲಿಯ ಆಚೆ ಬದಿಯಿಂದ ಕೂಡ ಯಾರೋ ನಕ್ಕದ್ದು ಕೇಳಿಸಿತು. ಬುಟ್ಟಿ ಮತ್ತೆ ಕೈಯಿಂದ ಕೈಗೆ ದಾಟಿತು.